ಕೊರಳು

ಹನ್ನೊಂದು ವರ್ಷ ಇಲ್ಲಿ ನಾನು ಕಟ್ಟಿದ್ದೆಲ್ಲ
ಕಳಚುವುದಕ್ಕೆ.
ಹಲಗೆ ಹೊಡಿ, ಮಟ್ಟ ನೋಡು, ಕಾಂಕ್ರೀಟು ಬಿಗಿದ ಮೇಲೆ
ಹಾರೆ ಕೊಟ್ಟು ಮೀಟು.
ಗೋಡೆ ಉಳಿಯುತ್ತದೆ, ಮರ ಲಾರಿ ಹತ್ತುತ್ತದೆ.

ಮೀಟುವುದೆಂದರೆ ಪಕ್ಕದ ಕೋಣೆಯ ರೊಡೆಲ್‌ಗೆ ಬೇರೆ.
ಜುಫೇರಿನ ಹೋಟೆಲೊಂದರ ನೆಲಮಾಳಿಗೆಯಲ್ಲಿ
ಬೇಸ್ ಗಿಟಾರ್ ನುಡಿಸುತ್ತಾನೆ.
ಆಗಸ್ಟಿನಲ್ಲಿ ಯಾರದೋ ಕಾರಿನ ಡಿಕ್ಕಿಯಲ್ಲಿ ಮರೆತದ್ದು
ಒಣಮೀನಿನ ಹಾಗೆ ಕೊರಳು ತಿರುಚಿಕೊಂಡು ಸಿಕ್ಕಿತು.
"ಆಚಾರಿ, ಬನೇಗಾ ಕ್ಯಾ?" ಅಂದ, ಸೈಟಿನ ಹಿಂದಿಯಲ್ಲಿ.

ಮುಹರ್ರಕ್ಕಿನಲ್ಲಿ ಹಳೇಮನೆ ಕೆಡವಿದ ಕಡೆ
ಎರಡು ದಿನಾರಿಗೆ ಒಂದು ತೇಗದ ದಾರಂದ.
ಮೂಸಿ ನೋಡಿ ಸುಬ್ರಾಯ ಪಾಯಸ ಕುಡಿದಷ್ಟು ಖುಷಿಪಟ್ಟ:
ಹಡಗಲ್ಲಿ ಬಂದದ್ದು, ನಮ್ಮ ಕಡೆಯದೇ ಇರಬೇಕು.
ಬರ್ಮಾದ್ದೂ ಇರಬಹುದು.
ಮೊಳೆ ಕಿತ್ತ ತೂತು ಒಂಬತ್ತು. ನನಗೆ ಅದೇ ಚಿಂತೆ.

ತಾರಸಿಯಲ್ಲಿ, ನೀರಿನ ಟ್ಯಾಂಕಿನ ಬದಿಗೆ, ಒಣಹಾಕಿದ ಲುಂಗಿಗಳ ನಡುವೆ
ರಾತ್ರಿ ಕೀಸುಳಿ ಹಿಡಿದೆ.
ವಿಮಾನ ಇಳಿಯುವಾಗ ಅದರ ಹೊಟ್ಟೆಯ ಬೆಳಕಲ್ಲಿ
ಎಳೆ ಯಾವ ಕಡೆ ಓಡಿದೆ ಎಂದು ನೋಡಿಕೊಂಡೆ.
ಈ ಸೆಕೆಗೆ ಸಿಪ್ಪೆ ಸುರುಳಿ ಏಳುವುದಿಲ್ಲ,
ಒದ್ದೆ ಕಾಗದದಂತೆ ಕಾಲ ಮೇಲೆ ಬೀಳುತ್ತದೆ.
ಹಗಲು ಅದನ್ನು ಬಟ್ಟೆಯಲ್ಲಿ ಸುತ್ತಿ
ಎಸಿ ಕೋಣೆಯ ಮಂಚದಡಿ ಮಲಗಿಸಿದೆ;
ಇಪ್ಪತ್ತು ದಿನ ಎಲ್ಲರೂ ನೋಡಿ ಹೆಜ್ಜೆಯಿಟ್ಟರು.

ನಡುವೆ ತೋಡು ಕೊರೆದು ಉಕ್ಕಿನ ಸರಳು ಹೂಡಿದೆ.
ನಾಲ್ಕು ತಂತಿ ಸೇರಿ ಒಬ್ಬ ಆಳಿನ ತೂಕ ಜಗ್ಗುತ್ತವಂತೆ,
ರಾತ್ರಿ ಹಗಲು.
ಮೆಟ್ಟುಗಳ ಲೆಕ್ಕ ಮಾತ್ರ ವಿಚಿತ್ರ:
ಇರುವ ಉದ್ದವನ್ನು ಹದಿನೇಳು ಪಾಯಿಂಟ್ ಎಂಟರಿಂದ ಭಾಗಿಸು,
ಅಷ್ಟು ಬಿಡು, ಗೆರೆ ಎಳೆ,
ಉಳಿದುದನ್ನು ಮತ್ತೆ ಭಾಗಿಸು.
ಸಂಬಳ ಎಣಿಸಿ ಗೊತ್ತಿದ್ದವನಿಗೆ ಕಷ್ಟವಾಗಲಿಲ್ಲ.

ತುದಿಯ ಮೇರುವಿಗೆ ಒಂಟೆಯ ಮೂಳೆ,
ಕಸಾಯಿ ಯೂನಿಸ್ ಪುಕ್ಕಟೆ ಕೊಟ್ಟದ್ದು.
ಅದನ್ನು ಕುದಿಸಿದ ದಿನ ಸುಬ್ರಾಯ ಊಟ ಮಾಡಲಿಲ್ಲ.

ಹಿಂಬದಿಯ ಉರುಟಿಗೆ ಅಳತೆಯಿಲ್ಲ.
ರೊಡೆಲ್ ಕಣ್ಣು ಮುಚ್ಚಿ ಹೆಬ್ಬೆರಳು ಜಾರಿಸುತ್ತಾನೆ,
ಐದನೇ ಮೆಟ್ಟಿನ ಹಿಂದೆ ನಿಲ್ಲುತ್ತಾನೆ. "ಇಧರ್."
ನನ್ನ ಕಣ್ಣಿಗೆ ಏನೂ ಇಲ್ಲ. ಅರ ಎರಡು ಸಲ ಎಳೆದೆ.
"ಇಧರ್."
ಇನ್ನೊಂದು ಸಲ.
ಅವನ ಕೈ ನನ್ನದಕ್ಕಿಂತ ಇಷ್ಟು ಚಿಕ್ಕದು ಎಂದು
ಆರು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡೂ ತಿಳಿದಿರಲಿಲ್ಲ.

ಶುಕ್ರವಾರ ತಂತಿ ಏರಿಸಿದ.
ದಪ್ಪನೆಯದನ್ನು ಎಳೆದು ಬಿಟ್ಟಾಗ
ಅರ್ಧ ಖಾಲಿ ಟ್ಯಾಂಕು ಹೂಂ ಅಂದಿತು.

ಒಂದು ಮಾತು ಅವನಿಗೆ ಹೇಳಿಲ್ಲ.
ಬೆರಳುಹಲಗೆ ಅಂಟಿಸುವ ಮುಂಚೆ, ಅಭ್ಯಾಸಬಲ,
ಕಿವಿಯ ಪೆನ್ಸಿಲ್ ತೆಗೆದು ಮರದ ಮೇಲೆ ಬರೆದುಬಿಟ್ಟಿದ್ದೆ,
ಸೈಟಿನಲ್ಲಿ ಪ್ರತಿ ಹಲಗೆಗೂ ಬರೆಯುವ ಹಾಗೆ,
ಒಂದು ಬಾಣ, ಒಂದು ನಂಬರು:
ಕಳಚುವಾಗ ಯಾವುದು ಮೊದಲು ಎಂದು.
ಅಳಿಸಲು ರಬ್ಬರು ಹುಡುಕಿದೆ, ಸಿಗಲಿಲ್ಲ.
ಅದರ ಮೇಲೆಯೇ ಅಂಟು ಸವರಿ
ಇದ್ದಬದ್ದ ಕ್ಲ್ಯಾಂಪುಗಳನ್ನೆಲ್ಲ ಬಿಗಿದೆ.