ಒಂದು ಅಂಕ

ಹೋದ ಸಲ ಹದಿನೇಳು, ಈ ಸಲ ಹದಿನೆಂಟು.
ಡಾಕ್ಟರಮ್ಮ ಹಾಳಿ ತಿರುವಿ ಅಂದರು:
'ಏರ್ಯದ ಅಂತ ಹಿಗ್ಗಬ್ಯಾಡ್ರಿ,
ಇಳಿಯೋದು ನಿಂತದ. ಅದೂ ಸ್ವಲ್ಪ ದಿವಸ.'

ಮೂವತ್ತೊಂದು ವರ್ಷ ಕಲಬುರಗಿ–ಯಾದಗಿರಿ ಬಸ್ಸಿನ ಕಂಡಕ್ಟರು.
ಚಿಲ್ಲರ ತಪ್ಪಿದ್ದಿಲ್ಲ. ಈಗ
ಗಡಿಯಾರ ಬರೀರಿ ಅಂದ್ರ
ದುಂಡಗ ಗೆರಿ ಎಳೆದು, ಮುಳ್ಳು ಮರೆತು,
ಒಳಗ ಟಿಕೇಟಿನ ದರ ಬರೀತಾರ.

ಗುಳಿಗಿ ಮೊದಲು ಐದರದು, ಆಮ್ಯಾಲ ಹತ್ತರದು.
ಮೊದಲ ವಾರ ಉಂಡದ್ದೆಲ್ಲ ವಾಂತಿ.
ರಾತ್ರಿ ಕೊಟ್ಟರ ಕನಸು.
ನಡುರಾತ್ರಿ ಎದ್ದು ಕುಂತು, ಕಣ್ಣು ಮುಚ್ಚಿಕೊಂಡೇ
'ಶಹಾಬಾದ್! ವಾಡಿ! ನಾಲವಾರ ಇಳಿಯೋರು ಯಾರ್ರೀ?'
ಒಂದೂ ಸ್ಟಾಪ್ ಬಿಡಲಿಲ್ಲ.
ಬಾಯೊಳಗ ಸೀಟಿ, 'ರೈಟ್ ರೈಟ್' ಅಂತ ಗ್ವಾಡಿ ಬಡಿದು
ಓಣಿ ಎಲ್ಲ ಎಬ್ಬಿಸಿದರು.

ಹೋಗಿ ಹೇಳಿದೆ. 'ಅದು ಔಷಧದ ತ್ರಾಸು' ಅಂದು
ಗುಳಿಗಿ ಮುಂಜಾನಿಗಿ ಮಾಡಿದರು.
ಈಗ ರಾತ್ರಿ ಸದ್ದಿಲ್ಲ.
ಓಣಿ ಮಲಗ್ತದ. ನಾನು ಎಚ್ಚರಿರ್ತೀನಿ.

ತಿಂಗಳಿಗಿ ಇಷ್ಟು ರೊಕ್ಕ, ಇದರಿಂದ ಏನಾತು ಅಂತ
ನಾದಿನಿ ಮಹಾನಂದಾ ಕೇಳ್ತಾಳ.
ಆ ಒಂದು ಅಂಕ ಎಲ್ಲಿ ಕುಂತದ, ನಾನೂ ಹುಡುಕಿದೆ:
ಅಂಗಿ ಗುಂಡಿಯೊಳಗ ಇಲ್ಲ,
ನನ್ನ ಹೆಸರಿನೊಳಗ ಇಲ್ಲ.

ನಿನ್ನೆ ಚಹಾ ಕೊಟ್ಟೆ.
ಬಟ್ಟಲ ಹಿಡಿದು ನನ್ನ ಮಾರಿ ನೋಡಿ
ಬಾಜೂಕ ಸರಿದರು,
ಮೂರು ಮಂದಿ ಸೀಟಿನಾಗ ಜಾಗ ಮಾಡಿಕೊಟ್ಟ ಹಾಂಗ:
'ಕೂಡ್ರಿ ಬಾಯಿ. ಎಲ್ಲಿಗಿ?'

'ಯಾದಗಿರಿ' ಅಂದೆ. 'ಕಡೀ ಸ್ಟಾಪು.'

ರೊಕ್ಕ ಬ್ಯಾಡ ಅಂದರು.