ಬಳಕೆ ಪ್ರಮಾಣಪತ್ರ

ಕಲಂ ಒಂದು: ಕೇಂದ್ರದ ಹೆಸರು.
ಎಡಕುದ್ರು ಉಪಕೇಂದ್ರ ಎಂದು ಬರೆಯುತ್ತೇನೆ.
ಎಲ್ಲಿ ಅಂತ ಕೇಳುವುದಿಲ್ಲ ಈ ಕಾಗದ.
ಕೇಳಿದ್ದರೆ ಹೇಳುತ್ತಿದ್ದೆ: ಉಡುಪಿಯಿಂದ ಬಸ್ಸು,
ಬಸ್ಸಿಳಿದರೆ ಸೆವ್ರಿನ ಪೊರ್ಬುವಿನ ದೋಣಿ,
ಉಬ್ಬರವಿದ್ದರೆ ಮೆಟ್ಟಿಲವರೆಗೆ, ಇಳಿತವಿದ್ದರೆ
ಚಪ್ಪಲಿ ಕೈಯಲ್ಲಿ, ಕೆಸರು ಮೊಣಕಾಲಿಗೆ,
ಲಸಿಕೆಯ ಡಬ್ಬಿ ತಲೆಯ ಮೇಲೆ.

ಕಲಂ ನಾಲ್ಕು: ಸಹಾಯಧನದ ಉದ್ದೇಶ.
ಹೋದ ಸುಗ್ಗಿಯಲ್ಲಿ ಹೊಳೆ ದಾಟಿತು ತಂತಿ,
ತೆಂಗಿನಿಂದ ತೆಂಗಿಗೆ, ಕಡೆಗೆ ನಮ್ಮ ಕಿಟಕಿಗೆ.
ಕಪ್ಪು ದಾರ; ಒಳಗೆ ಬೆಳಕು ಓಡ್ತದಂತೆ.
ಬಿಲ್ಲಿನ ಹತ್ತರಲ್ಲಿ ಒಂಬತ್ತು ಪಾಲು ಸರಕಾರದ್ದಂತೆ.
ಮರುವಾಯಿ ಹೆಕ್ಕುವ ಅಕ್ಕು ಮರಕಾಲ್ತಿ
ಹೊಸ್ತಿಲಲ್ಲೇ ನಿಂತು ವಿಚಾರಿಸಿದಳು:
"ಇದಕ್ಕೂ ಸಬ್ಸಿಡಿ ಉಂಟಾ ಸಿಸ್ಟರೇ,
ದೋಣಿಯ ಸೀಮೆಎಣ್ಣೆಗೆ ಇದ್ದ ಹಾಗೆ?"
ಉಂಟು ಅಂದೆ.
"ಹಾಗಾದರೆ ಮೀನು ಮುಗಿದ ಮೇಲೆಯೇ ಬರುವುದು."
ನಕ್ಕೆ. ಬಂದಾಗಿತ್ತಲ್ಲ, ಫ್ರಿಜ್ಜಿನ ತಲೆಯ ಮೇಲೆ
ಹಸಿರು ದೀಪ ಮಿಣುಕುತ್ತಿತ್ತಲ್ಲ.

ಬಳಸಿದ ಪ್ರಮಾಣ, ಜಿಬಿಗಳಲ್ಲಿ.
ಅರ್ಧ ನನ್ನ ಮಗನ ಕ್ರಿಕೆಟ್ಟು. ಅದನ್ನು ಬಿಡಿಸಿ ಬರೆಯುವುದಿಲ್ಲ.

ಫಲಾನುಭವಿಗಳು: ಸಂಖ್ಯೆ ಮಾತ್ರ.
ಬುಧವಾರ ಬುಧವಾರ ಪರದೆಯಲ್ಲಿ ಡಾಕ್ಟರು,
ಬೀದರ್ ಕಡೆಯ ಹುಡುಗ, ಜಿಲ್ಲಾಸ್ಪತ್ರೆಯ ಮೂರನೇ ಮಹಡಿ.
ಸಕ್ಕರೆ ಕಾಯಿಲೆಯ ಅಕ್ಕು ತಲೆಗೆ ಸೆರಗು ಹೊದ್ದು
ಬೆಂಚಿನ ತುದಿಗೆ ಕೂತು ತಾನೇ ಮೊದಲು ಕೇಳುವಳು,
"ವನಸ್ ಆಂಡಾ ಮಗಾ?"
ಮೂರನೇ ಬುಧವಾರಕ್ಕೆ ಅವನೂ ಕಲಿತ: "ಆಂಡ್ ಅಕ್ಕಾ."
ಆಮೇಲೆ ಕಾಲೆತ್ತಿ ಕ್ಯಾಮೆರಾಕ್ಕೆ ಒಡ್ಡುವಳು.
ಸೊಂಟದ ನೀರಿನಲ್ಲಿ ಕಣ್ಣಿಗೆ ಕೆಲಸವಿಲ್ಲ,
ಹೆಬ್ಬೆರಳೇ ನೋಡಬೇಕು: ಇದು ಕಲ್ಲು, ಇದು ಖಾಲಿ ಚಿಪ್ಪು,
ಇದು ಜೀವ ಇರುವುದು.
"ಈಗೀಗ ಅದಕ್ಕೆ ಕುರುಡು ಬಂದಿದೆ ಮಗಾ.
ಎಲ್ಲವೂ ಕಲ್ಲೇ."
ಹುಡುಗ ಪರದೆಗೆ ಮೂಗು ತಾಗುವಷ್ಟು ಬಾಗಿದ.
ಪ್ರತಿ ವಾರ ತೋರಿಸಬೇಕು, ತಪ್ಪಿಸಬಾರದು ಅಂದ.

ಆಟಿಯಲ್ಲಿ ಮರಳು ದೋಣಿಯ ಗಳಕ್ಕೆ ಸಿಕ್ಕಿ
ತಂತಿ ಕಡಿಯಿತು.
ಕಂಪನಿ ಹೇಳಿತು: ಬಾಕಿ ಬಿಲ್ಲು ಬಂದರೆ ಜೋಡಿಸುತ್ತೇವೆ.
ಕಚೇರಿ ಹೇಳಿತು: ಬಳಕೆ ಪ್ರಮಾಣಪತ್ರ ಬಂದರೆ ಹಣ.
ಪ್ರಮಾಣಪತ್ರ ಹೇಳಿತು: ಆನ್‌ಲೈನಿನಲ್ಲೇ ಸಲ್ಲಿಸತಕ್ಕದ್ದು.
ನಲವತ್ತೊಂದು ದಿನ.
ಮೊಬೈಲು ಹಿಡಿದು ನೀರಿನ ಟ್ಯಾಂಕಿ ಹತ್ತಿದೆ,
ಒಂದು ಗೆರೆ ಸಿಗ್ನಲ್ಲು, ಕೊಡೆಯೊಳಗೆ ಗಾಳಿ.
ಫೋಟೋ ಅರ್ಧ ಹೋಗಿ ನಿಂತಿತು:
ಹಿಮ್ಮಡಿ ಹೋಯಿತು, ಬೆರಳು ಹೋಗಲಿಲ್ಲ.
ಏಳು, ದೋಣಿ ಹತ್ತು, ಆಸ್ಪತ್ರೆಗೆ ಹೋಗುವ ಅಂದರೆ
"ನೋವೇ ಇಲ್ಲವಲ್ಲ" ಅಂದಳು ಅಕ್ಕು.
ನೋವಿಲ್ಲದಿರುವುದೇ ರೋಗ ಅಂತ ಹೇಳಿದೆ.
ನನ್ನ ಮಾತು ದಿನಾ ಕೇಳುವ ಮಾತು.
ಅವಳು ನಂಬುತ್ತಿದ್ದದ್ದು
ಊಟ ಮಾಡಿದ್ದೇನೆ ಅಂತ ಸುಳ್ಳು ಹೇಳುವ ಆ ಹುಡುಗನನ್ನು.

ಕಲಂ ಹದಿಮೂರು:
ಅಡಚಣೆಯಿಂದಾದ ನಷ್ಟ, ರೂಪಾಯಿಗಳಲ್ಲಿ.
ಸಂತೆಕಟ್ಟೆಯ ಝೆರಾಕ್ಸ್ ಅಂಗಡಿಯಲ್ಲಿ ಕೂತು
ಬಲಗಾಲಿನ ಹೆಬ್ಬೆರಳು ಎಂದು ಒತ್ತಿದೆ.
ಕೆಂಪಕ್ಷರ ಬಂತು: ಅಂಕಿ ಮಾತ್ರ.
ಮತ್ತೆ ಒತ್ತಿದೆ. ಮತ್ತೆ ಕೆಂಪು.
ಹಿಂದೆ ಆಧಾರ್ ತಿದ್ದುಪಡಿಯವರು ಗೊಣಗುತ್ತಿದ್ದರು.
೧ ಎಂದು ಒತ್ತಿದೆ.
ತಕ್ಕೊಂಡಿತು.

ಮೊನ್ನೆ ಹಸಿರು ದೀಪ ಮರಳಿತು. ಹಿಂದೆಯೇ ಒಂದು ಪತ್ರ:
ನಷ್ಟದ ಮೊತ್ತ ಒಂದು ರೂಪಾಯಿ ನಗಣ್ಯವಾದ್ದರಿಂದ
ಪರಿಗಣಿಸಿರುವುದಿಲ್ಲ.

ಇವತ್ತು ಬುಧವಾರ. ಬೆಂಚಿನ ತುದಿಯಲ್ಲಿ ಅಕ್ಕು,
ನೀರಿಗೆ ಇಳಿಯಲೇಬಾರದು ಎಂದ ಮೇಲೆ
ತಂಗಿಯ ಮಗ ತಂದುಕೊಟ್ಟ ರಬ್ಬರ್ ಬೂಟು.
ಡಾಕ್ಟರು ಕಂಡ. ಅವಳು ಏನೂ ಕೇಳಲಿಲ್ಲ.
ಅವನೇ ತಡವರಿಸುತ್ತ, ತನ್ನ ಬೀದರ್ ಬಾಯಲ್ಲಿ,
"ವನಸ್ ಆಂಡಾ ಅಕ್ಕಾ?"
ಅವಳು ಉತ್ತರಿಸದೆ ಬಗ್ಗಿ ಬೂಟು ಕಳಚಿದಳು.
ನೆಲದ ಮೇಲೆ, ಈಗಷ್ಟೇ ಒರೆಸಿದ ನೆಲದ ಮೇಲೆ,
ಒಂದು ಹಿಡಿ ಹೊಳೆಯ ಹೊಯಿಗೆ,
ಎರಡು ಮರುವಾಯಿ.