ಎಡಗಾಲಿಗೊಂದು, ಬಲಗಾಲಿಗೊಂದು

ಫೆಲ್ಗೈರಾಸ್‌ನಲ್ಲಿ ಬೆಳಗಾದರೆ ಊರಿಗೆಲ್ಲ ಅಂಟಿನ ವಾಸನೆ.
ಬೂಟಿನ ಕಾರ್ಖಾನೆಯ ಮಹಡಿಯ ಮೇಲೆ
ನಾನು ದೆವೊಲಿಂದಾ, ಕಂಪನಿಯ ನಾಲಿಗೆ.
ಪರದೆಯಲ್ಲಿ ನನ್ನ ಮುಖವಿಲ್ಲ; ಕೆಂಪು ಬೂಟೊಂದು
ಯಾರು ಬೈದರೂ ನಗುತ್ತಿರುತ್ತದೆ.

ಸೋಮವಾರ ಬ್ರಗಾನ್ಸಾದಿಂದ ಅದೆರಿತೊ ಬರೆದ,
ಲೋಕವೆಲ್ಲ ಕಾಣುವಂತೆ ಬರಿಗಾಲ ಫೋಟೊ ಹಾಕಿ:
“ಎಡಗಾಲು ಮೂವತ್ತೆಂಟು, ಬಲಗಾಲು ನಲವತ್ತೊಂದು.
ಹುಟ್ಟಿದ್ದೇ ಹೀಗೆ. ನಿಮ್ಮ ಸೈಟು ಕೇಳುವುದು ಒಂದೇ ಅಳತೆ.
ಮೂವತ್ತು ವರ್ಷದಿಂದ ಎರಡು ಜೊತೆ ಕೊಂಡು
ಒಂದೊಂದನ್ನು ಎಸೆಯುತ್ತಿದ್ದೇನೆ.”

‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’,
ಸಿದ್ಧ ಉತ್ತರ ಬೆರಳ ತುದಿಗೇ ಬಂತು.
ಅಳಿಸಿದೆ.
ವಿಷಾದವನ್ನು ಯಾರು ಮೆಟ್ಟಿ ನಡೆಯುತ್ತಾರೆ?

ಅಷ್ಟರಲ್ಲಿ ಅವನ ಮಾತಿನ ಕೆಳಗೆ ಜನ ಸಾಲುಗಟ್ಟಿದ್ದರು.
ಪೋಲಿಯೊ ಬಂದ ಟೀಚರು,
ಒಂದೇ ಕಾಲಿನ ಮೀನುಗಾರ, ಅವನಿಗೆ ಅರ್ಧ ಬೆಲೆ ಬೇಕು,
ಮತ್ತೆ ಫಾರೋದ ಒಬ್ಬಳು:
“ನನ್ನದು ನಿನಗೆ ತಿರುವುಮುರುವು, ಮಾರಾಯ,
ಎಸೆಯುವ ಬೂಟು ಇತ್ತ ಕಳಿಸಬಾರದೆ!”

ಎಲ್ಲವನ್ನೂ ಅಚ್ಚು ಹಾಕಿ ತೆಲ್ಮೊನ ಮೇಜಿಗೆ ಒಯ್ದೆ.
ಸೈಟು ಅವನ ಕೈಕೂಸು.
ಗೋದಾಮು, ಲೆಕ್ಕ, ಉಳಿದುಹೋಗುವ ಒಂಟಿ ಬೂಟು
ಎಂದೆಲ್ಲ ಗೊಣಗಿ ತಲೆ ಕೆರೆದ.
ಓದುತ್ತ ಓದುತ್ತ, ಮೇಜಿನಡಿಯ
ತನ್ನ ಪಾದಗಳನ್ನೇ ಬಗ್ಗಿ ನೋಡಿಕೊಂಡ.

ಮೂರು ವಾರ ಹಿಡಿಯಿತು.
ಒಂದು ಚೌಕವಿದ್ದಲ್ಲಿ ಈಗ ಎರಡು: ಎಡ, ಬಲ.
ಮೀನುಗಾರನ ಅರ್ಧ ಬೆಲೆ ಇನ್ನೂ ಲೆಕ್ಕಿಗರ ಬಳಿ ಕುಂಟುತ್ತಿದೆ.

ನಿನ್ನೆ ಅದೆರಿತೊ ಮತ್ತೆ ಫೋಟೊ ಹಾಕಿದ.
ಎಲ್ಲೂ ಕಚ್ಚುತ್ತಿಲ್ಲವಂತೆ, ಹೇಳಿ ಮಾಡಿಸಿದ ಹಾಗಿದೆಯಂತೆ.
“ಆದರೆ, ಪುಣ್ಯಾತ್ಮರೇ,
ಒಂದು ಕಪ್ಪು, ಇನ್ನೊಂದು ಕಂದು!”